ವಾರ್ಧಕ್ಯಶಾಸ್ತ್ರಜ್ಞರ ವಿಶ್ವಸಂಘ: ಅದರ ಆಡಳಿತಕ್ರಮದ ವಿಮರ್ಶೆ

ವಿದ್ವತ್ಸಂಘಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅಧಿವೇಶನಗಳನ್ನು ಎಣಿಸಿ ತೃಪ್ತರಾಗುತ್ತಾರೆ. ಅಧಿಕಾರವು ಯಾರ ಕೈಗೆ ಹೇಗೆ ಬಂದಿತೆಂದು ವಿಚಾರಿಸುವವರು ವಿರಳ. ೧೯೫೦ರಲ್ಲಿ ಬೆಲ್ಜಿಯಂ ದೇಶದ ಲಿಯೇಜ್ ನಗರದಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ವಾರ್ಧಕ್ಯಶಾಸ್ತ್ರ ಸಂಘದ ವಿಷಯದಲ್ಲಿ ಈ ವಿಚಾರಣೆ ಅವಶ್ಯ. ಅದರ ೧೯೮೬ರವರೆಗಿನ ವೃತ್ತಾಂತವನ್ನು ೧೯೮೮ರಲ್ಲಿ ಗ್ರಂಥರೂಪವಾಗಿ ಹೊರತಂದ ನೇಥನ್ ಷಾಕ್ ಅವರು ಸ್ವತಃ ಸಂಘದ ಅಧ್ಯಕ್ಷರಾಗಿದ್ದವರು. ಮನೆಯವರೇ ಬರೆದ ಮನೆಯ ಚರಿತ್ರೆಗೆ ಬೆಲೆಯಿಲ್ಲದಿಲ್ಲ. ಅದನ್ನು ಜಗಲಿಯಿಂದಾಚೆ ನಿಂತೂ ಓದಬೇಕಾಗುತ್ತದೆ.

ಈ ಸಂಘದ ಸದಸ್ಯರು ಬಿಡಿ ವ್ಯಕ್ತಿಗಳಲ್ಲ, ಆಯಾ ದೇಶದ ವೃತ್ತಿಸಂಘಗಳು. ವಿಶ್ವಾಧಿವೇಶನಕ್ಕೆ ಆತಿಥ್ಯ ನೀಡಿದ ದೇಶದವರಿಗೆ ಅಧ್ಯಕ್ಷಪದವಿ ಸಲ್ಲುವುದು ವಾಡಿಕೆ. ೨೦೦೧ರ ವ್ಯಾಂಕೂವರ್ ಅಧಿವೇಶನದ ತರುವಾಯ ಕೆನಡದ ಗ್ಲೋರಿಯಾ ಗುಟ್ಮನ್, ೨೦೦೫ರ ರಿಯೊ ಅಧಿವೇಶನದ ತರುವಾಯ ಬ್ರೆಜಿಲಿನ ರೆನಾಟೊ ಮಾಯಾ ಗಿಮರಾಯಿನ್ಸ್, ೨೦೦೯ರ ಪ್ಯಾರಿಸ್ ಅಧಿವೇಶನದ ತರುವಾಯ ಫ್ರಾನ್ಸಿನ ಬ್ರೂನೊ ವೆಲ್ಲಾಸ್ ಅಧ್ಯಕ್ಷರಾದರು. ಈ ಕ್ರಮಕ್ಕೆ ಒಂದು ದೊಡ್ಡ ಗುಣವಿದೆ. ಶೀತಲಸಮರದ ನಡುವೆಯೂ ೧೯೬೯ರಲ್ಲಿ ವಾಷಿಂಗ್ಟನ್ನಿನಲ್ಲಿ ಕೂಡಿದ ವಿದ್ವಾಂಸರು ೧೯೭೨ರಲ್ಲಿ ಸೋವಿಯೆತ್ ಒಕ್ಕೂಟದ ಕೀವ್ ನಗರದಲ್ಲಿ ಕೂಡಿದರು. ಪೀಠವು ಯಾವ ಬಣದ ಸೊತ್ತೂ ಆಗಲಿಲ್ಲ.

ಆದರೆ ಸಾವಿರಾರು ಪ್ರತಿನಿಧಿಗಳ ಅಧಿವೇಶನವನ್ನು ನಡೆಸುವುದು ಹಣವುಳ್ಳವರ ಕೆಲಸ. ಆತಿಥ್ಯವೇ ಅಧ್ಯಕ್ಷತೆಗೆ ಮೆಟ್ಟಿಲಾದಾಗ, ಮತ ಚಲಾಯಿಸುವ ಮೊದಲೇ ಹಣದ ಚೀಲ ಅರ್ಧ ತೀರ್ಪು ಕೊಟ್ಟಿರುತ್ತದೆ. ೧೯೫೦ರಿಂದ ೨೦೨೨ರವರೆಗಿನ ವಿಶ್ವಾಧಿವೇಶನಗಳಲ್ಲಿ ಒಂದಾದರೂ ಆಫ್ರಿಕಾ ಖಂಡಕ್ಕೆ ದೊರೆಯಲಿಲ್ಲ. ಏಷ್ಯದ ಪಾಲಿಗೆ ಬಂದವು ಮೂರು: ಜೆರೂಸಲೇಂ (೧೯೭೫), ಟೋಕಿಯೊ (೧೯೭೮), ಸಿಯೋಲ್ (೨೦೧೩). ೨೦೧೧ರ ಜನಗಣತಿಯಲ್ಲಿ ಅರವತ್ತು ಮುಟ್ಟಿದವರ ಸಂಖ್ಯೆ ಹತ್ತು ಕೋಟಿಯನ್ನು ಮೀರಿದ್ದ ಭಾರತಕ್ಕೂ ಸರದಿ ಬಂದಿಲ್ಲ. ಮೂರು ವರ್ಷಗಳಿಗೊಮ್ಮೆ ನಡೆಯುತ್ತಿದ್ದ ಅಧಿವೇಶನ ೧೯೮೧ರ ಬಳಿಕ ನಾಲ್ಕು ವರ್ಷಗಳಿಗೊಮ್ಮೆ ಎಂದಾದದ್ದರಿಂದ ಸರದಿಯ ಚಕ್ರ ಇನ್ನೂ ನಿಧಾನವಾಯಿತು.

ಇದು ವಿದ್ವಾಂಸರ ಒಳಮನೆಯ ವ್ಯವಹಾರವೆಂದು ಬಿಡುವಂತಿಲ್ಲ. ಮುಪ್ಪಿನ ವಿಷಯದಲ್ಲಿ ವಿಶ್ವಸಂಸ್ಥೆಗೆ ಸಲಹೆ ನೀಡುವ ಸ್ಥಾನ ಈ ಸಂಘಕ್ಕಿದೆ. ಲೋಕದ ವೃದ್ಧರ ಪರವಾಗಿ ಮಾತನಾಡುವವರನ್ನು ಸಭಾಭವನಗಳ ಅನುಕೂಲವು ಆರಿಸಬಾರದು. ೨೦೦೫ರಲ್ಲಿ ಸಂಘವು ತನ್ನ ಹೆಸರಿಗೆ ವೃದ್ಧಚಿಕಿತ್ಸೆಯನ್ನೂ ಸೇರಿಸಿಕೊಂಡು ವೈದ್ಯರಿಗೆ ಸ್ಪಷ್ಟವಾದ ಸ್ಥಾನವನ್ನು ಕೊಟ್ಟಿತು. ಶಾಸ್ತ್ರಗಳ ನಡುವೆ ತೋರಿದ ಈ ಔದಾರ್ಯ ದೇಶಗಳ ನಡುವೆ ತೋರಲಿಲ್ಲ. ಆತಿಥ್ಯವನ್ನೂ ಅಧ್ಯಕ್ಷತೆಯನ್ನೂ ಬೇರ್ಪಡಿಸಿದರೆ, ಅಧಿವೇಶನ ನಡೆಸಲಾರದ ದೇಶದ ವಿದ್ವಾಂಸನೂ ಪೀಠವನ್ನೇರಬಹುದು. ಸ್ಥಿರವಾದ ಕಾರ್ಯಾಲಯವೊಂದಿದ್ದರೆ ಚರಿತ್ರಕಾರನಿಗೂ ಉಪಕಾರವೇ: ಷಾಕ್ ಅವರು ನಿಲ್ಲಿಸಿದಲ್ಲಿಂದ ಮುಂದೆ ಬರೆಯಹೊರಟವನು ಕಾಗದಪತ್ರಗಳಿಗಾಗಿ ಖಂಡದಿಂದ ಖಂಡಕ್ಕೆ ಅಲೆಯಬೇಕಾಗಲಾರದು.