ಅರಗಿನ ಮನೆಯಲ್ಲಿ ಬೆಂದವರು ಯಾರು?

ಶಿಡ್ಲಘಟ್ಟದ ಕಡೆ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕ ಕಟ್ಟಿದರೆ ಎಲ್ಲರಿಗಿಂತ ಹೆಚ್ಚು ದುಡ್ಡು ಕಟ್ಟೋನಿಗೆ ದುರ್ಯೋಧನನ ಪಾತ್ರ. ಕೃಷ್ಣನಿಗೂ ಅಷ್ಟೇ ಪೈಪೋಟಿ ಇರುತ್ತೆ, ಆದರೆ ಗದೆ, ಕಿರೀಟ, ರಾತ್ರಿಯೆಲ್ಲ ಎದೆ ಸೆಟೆಸಿ ಪದ್ಯ ಹೇಳೋ ಗತ್ತು, ಇದೆಲ್ಲ ಇರೋದು ದುರ್ಯೋಧನನಿಗೇ. ಬೆಳಗಿನ ಜಾವ ತೊಡೆ ಮುರಿದು ಬಿದ್ದಾಗ ಮುಂದಿನ ಸಾಲಿನವರು ಟವೆಲ್ಲಿನಲ್ಲಿ ಕಣ್ಣೊರೆಸಿಕೊಳ್ತಾರೆ. ಹಿಂದಿನ ಸಾಲಿನಲ್ಲಿ ಗೋಣಿಚೀಲ ಹಾಸಿಕೊಂಡು ಕೂತ ನಾವೂ ಅತ್ತಿದ್ದೇವೆ. ಅತ್ತದ್ದಕ್ಕೆ ನಾಚಿಕೆ ಏನಿಲ್ಲ. ಆದರೆ ಯಾರಿಗಾಗಿ ಅಳೋದನ್ನ ನಮಗೆ ಕಲಿಸಿದರು, ಯಾರಿಗಾಗಿ ಕಲಿಸಲಿಲ್ಲ ಅನ್ನೋದು ನಮ್ಮ ಪ್ರಶ್ನೆ.

ಪದವಿ ತರಗತಿಗೆ ಬಂದ ಮೇಲೆ ಇದೇ ಅಳುವಿಗೆ ಶಾಸ್ತ್ರದ ಹೆಸರು ಸಿಕ್ಕಿತು. ದುರಂತನಾಯಕ ಅಂದರೆ ಎತ್ತರದಲ್ಲಿರಬೇಕು, ಒಂದು ದೋಷದಿಂದ ಬೀಳಬೇಕು, ಬಿದ್ದದ್ದನ್ನು ಕಂಡು ನಮಗೆ ಭಯ, ಕರುಣೆ ಹುಟ್ಟಬೇಕು. ಇದು ಗ್ರೀಕರ ಅರಿಸ್ಟಾಟಲನ ಮಾತು. ಬಿ.ಎಂ.ಶ್ರೀ. ಈ ಕಣ್ಣಿನಿಂದಲೇ ರನ್ನನ ಕಾವ್ಯವನ್ನು ಓದಿ 'ಗದಾಯುದ್ಧ ನಾಟಕಂ' ಮಾಡಿದರು. ಅಲ್ಲಿಂದ ಈಚೆಗೆ ದುರ್ಯೋಧನ ಕನ್ನಡದ ದೊಡ್ಡ ದುರಂತನಾಯಕ. ಪರೀಕ್ಷೆಯಲ್ಲಿ ನಾವೂ ಹಾಗೇ ಬರೆದು ಅಂಕ ತಗೊಂಡಿದ್ದೇವೆ.

ರನ್ನ ದೊಡ್ಡ ಕವಿ. ಮುದುವೊಳಲಿನ ಬಳೆಗಾರರ ಮನೆಯ ಹುಡುಗ ಹತ್ತನೇ ಶತಮಾನದಲ್ಲಿ ಚಾಲುಕ್ಯರ ಆಸ್ಥಾನದವರೆಗೂ ನಡೆದನಲ್ಲ, ಅದಕ್ಕೇ ನಮಗೆ ಅವನ ಮೇಲೆ ಒಂದು ಕೈ ಹೆಚ್ಚು ಪ್ರೀತಿ. ಹೆಣಗಳ ನಡುವೆ ಸಂಜಯನ ಜೊತೆ ಎಡವುತ್ತ ನಡೆಯುವ ಮುರಿದ ರಾಜ, ಶತ್ರುವಿನ ಮಗ ಅಭಿಮನ್ಯುವಿನ ಶವದ ಮುಂದೆ ನಿಂತು ಅವನ ಶೌರ್ಯಕ್ಕೆ ತಲೆಬಾಗುವ ರಾಜ, ಇಂಥದನ್ನು ಬರೆಯೋಕೆ ಎದೆ ಬೇಕು. ಆದರೆ ಕವಿ ಮಾಡಿದ ಕೆಲಸ ನೋಡಿ. ದುರ್ಯೋಧನ ಕೆಟ್ಟದ್ದೆಲ್ಲ ತೆರೆಯ ಹಿಂದೆ ಹಳೆಯ ಕತೆಯಾಗಿ ಉಳಿದು, ಅವನ ಒಳ್ಳೆಯದೆಲ್ಲ ಕಣ್ಣೆದುರು ನಡೆಯುತ್ತೆ. ಅಪ್ಪ ಅಮ್ಮ ಬಂದು ಸಂಧಿ ಮಾಡಿಕೋ ಅಂದರೂ ಒಪ್ಪಲ್ಲ. ತಾನು ಕಾದುವುದು ನೆಲಕ್ಕಲ್ಲ, ಛಲಕ್ಕೆ ಅನ್ನೋದು ಅವನ ನಿಲುವು. ವಿಮರ್ಶಕರು ಇಲ್ಲಿ ಮೈಮರೀತಾರೆ. ನೆಲ ಇದ್ದವನು ಮಾತ್ರ ನೆಲಕ್ಕಲ್ಲ ಅಂತ ಹೇಳಬಲ್ಲ. ನಮ್ಮ ಕೇರಿಯಲ್ಲಿ ಎರಡು ಗುಂಟೆಗೆ ಕಚೇರಿ ಸುತ್ತಿ ಚಪ್ಪಲಿ ಸವೆಸಿದವರ ಛಲಕ್ಕೆ ಯಾವ ಕಾವ್ಯವೂ ಹುಟ್ಟಿಲ್ಲ.

ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತೆ. ಇದನ್ನು ಕನ್ನಡಕ್ಕೆ ತಂದವರಲ್ಲಿ ನಮ್ಮ ಮುಳಬಾಗಿಲಿನ ಡಿ.ವಿ.ಜಿ.ಯವರೂ ಒಬ್ಬರು. ಮೊದಲ ಕೊಲೆಗೆ ಮ್ಯಾಕ್‌ಬೆತ್ ನಡುಗುತ್ತಾನೆ, ಎರಡನೆಯದಕ್ಕೆ ಬಾಡಿಗೆ ಬಂಟರನ್ನು ಕಳಿಸ್ತಾನೆ, ಮೂರನೆಯದಕ್ಕೆ ಯೋಚನೆಯೇ ಇಲ್ಲ. ಮ್ಯಾಕ್‌ಡಫನ ಹೆಂಡತಿ ಮಕ್ಕಳನ್ನು ಕೊಲ್ಲಿಸುವ ಹೊತ್ತಿಗೆ ಅವನೊಳಗಿನ ಮನುಷ್ಯ ಖಾಲಿ. ಮುಖ್ಯವಾದ್ದು ಏನಂದರೆ, ಸಾಯೋ ಮುಂಚೆ ಆ ಹುಡುಗ ರಂಗದ ಮೇಲೆ ಬಂದು ತಾಯಿ ಜೊತೆ ಮಾತಾಡ್ತಾನೆ. ನಾಯಕ ಎಷ್ಟು ಆಳಕ್ಕೆ ಬಿದ್ದ ಅಂತ ನಮಗೆ ಗೊತ್ತಾಗೋದು ಆ ಹುಡುಗನ ಮಾತಿನಿಂದ.

ಭಾರತದಲ್ಲಿ ಅಂಥ ಐದು ಹುಡುಗರಿದ್ದರು. ವಾರಣಾವತದ ಅರಗಿನ ಮನೆಗೆ ಹಸಿದು ಬಂದ ಒಬ್ಬ ನಿಷಾದ ಹೆಂಗಸು, ಅವಳ ಐವರು ಮಕ್ಕಳು. ಕುಂತಿ ಔತಣ ಮಾಡಿಸಿದ್ದಳು. ಉಂಡರು, ಕುಡಿದರು, ಅಲ್ಲೇ ಮಲಗಿದರು. ಭೀಮ ಬೆಂಕಿ ಇಟ್ಟ, ಪಾಂಡವರು ಸುರಂಗದಿಂದ ಪಾರಾದರು. ಬೆಳಿಗ್ಗೆ ಆರು ಹೆಣ ಕಂಡ ಊರಿನವರು ಕುಂತಿಯೂ ಪಾಂಡವರೂ ಸತ್ತರು ಅಂತ ಗೋಳಾಡಿದರು. ಆ ಆರು ಜನಕ್ಕೆ ಸತ್ತ ಮೇಲೂ ಅವರ ಹೆಸರಿನ ಅಳು ಸಿಗಲಿಲ್ಲ. ಮನೆ ಕಟ್ಟಿಸಿದವನು ದುರ್ಯೋಧನ, ಕಿಚ್ಚಿಟ್ಟವನು ರನ್ನನ ಕಾವ್ಯದ ನಾಯಕ ಭೀಮ. ಒಬ್ಬನನ್ನು ದುರಂತನಾಯಕ ಅಂದೆವು, ಇನ್ನೊಬ್ಬನನ್ನು ಧೀರೋದಾತ್ತ ಅಂದೆವು. ನೈತಿಕ ಪತನದ ಲೆಕ್ಕದಲ್ಲಿ ಈ ರಾತ್ರಿ ಯಾರ ಖಾತೆಗೂ ಬರಲ್ಲ. ಬಂಗಾಳಿಯ ಮಹಾಶ್ವೇತಾದೇವಿ 'ಕುಂತಿ ಮತ್ತು ನಿಷಾದಿ' ಅಂತ ಕತೆ ಬರೆದು ಕುಂತಿಯನ್ನು ಕಟಕಟೆಗೆ ತಂದರು. ಕುವೆಂಪು 'ಬೆರಳ್‌ಗೆ ಕೊರಳ್'ನಲ್ಲಿ ಏಕಲವ್ಯನ ಹೆಬ್ಬೆರಳಿಗೆ ಲೆಕ್ಕ ಕೇಳಿದರು. ನಾವು ನೋಡಿದ ಹಳ್ಳಿ ನಾಟಕಗಳಲ್ಲಿ ಮಾತ್ರ ಅರಗಿನ ಮನೆ ಒಂದು ಪದ್ಯದಲ್ಲಿ ಬಂದು ಹೋಗುತ್ತೆ, ಆ ಹೆಂಗಸು ಬರಲ್ಲ.

ಈ ಕತೆ ನಮಗೆ ದೂರದ್ದಲ್ಲ. ಪಾಂಡವರಿಗೆ ಮುನ್ಸೂಚನೆ ಕೊಟ್ಟು ಸುರಂಗ ತೋಡುವವನನ್ನು ಕಳಿಸಿದ್ದು ದಾಸಿಯ ಮಗ ವಿದುರ. ಅವನ ಹೆಸರಿನ ವಿದುರಾಶ್ವತ್ಥ ಇರೋದು ಗೌರಿಬಿದನೂರು ತಾಲ್ಲೂಕಿನಲ್ಲಿ. (ಶಾಲೆಯಲ್ಲಿ ನಾವು ಅಲ್ಲಿನ 1938ರ ಗೋಲಿಬಾರ್ ಓದಿದೆವು, ದಾಸಿಯ ವಿಷಯ ಯಾರೂ ಹೇಳಲಿಲ್ಲ.) ಬೆಂಕಿಯಿಂದ ಪಾರಾದವರು ಕಾಡು ದಾಟಿ ಸೇರಿದ್ದು ಏಕಚಕ್ರನಗರ, ಅಂದರೆ ಚಿಂತಾಮಣಿ ತಾಲ್ಲೂಕಿನ ಕೈವಾರ ಅನ್ನೋದು ನಮ್ಮ ಸೀಮೆಯ ನಂಬಿಕೆ. ಭೀಮ ಬಕಾಸುರನನ್ನು ಕೊಂದ ಜಾಗ ಅಂತ ಜನ ಕೈ ಮುಗೀತಾರೆ.

ಅದೇ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಜೀವಂತ ಸುಟ್ಟರು. ನಮ್ಮಲ್ಲಿ ಕೆಲವರು ಆಗ ತೊಟ್ಟಿಲಲ್ಲಿದ್ದೆವು, ಕೆಲವರು ಹುಟ್ಟೇ ಇರಲಿಲ್ಲ. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಬೆಂದದ್ದು ನಿಜ, ಬೆಂಕಿ ಇಟ್ಟವರು ಮಾತ್ರ ಯಾರೂ ಇಲ್ಲ. ಇಂಥ ತೀರ್ಪನ್ನು ಓದುವಾಗ ನಮಗೆ ಆದಿಪರ್ವ ನೆನಪಾದರೆ ಅದು ಅತಿರೇಕ ಅಂತ ಹೇಳುವ ವಿಮರ್ಶಕ ಮಿತ್ರರು ಚಿಕ್ಕಬಳ್ಳಾಪುರದಲ್ಲೇ ಇದ್ದಾರೆ. ಸಾಹಿತ್ಯಕ್ಕೆ ಸುದ್ದಿ ತರಬೇಡಿ ಅಂತಾರೆ. ಸಾಹಿತ್ಯ ಆ ಆರು ಹೆಣಗಳನ್ನು ಬೇರೆಯವರ ಹೆಣ ಅಂತ ತೋರಿಸಿದಾಗ ಅವರು ಏನನ್ನುತ್ತಿದ್ದರೋ.

ಹೋದ ಸುಗ್ಗಿಯಲ್ಲಿ ನಾವು ಮೂವರು ಒಬ್ಬ ನಾಟಕದ ಮೇಷ್ಟ್ರ ಹತ್ತಿರ ಹೋಗಿದ್ದೆವು. ಅರಗಿನ ಮನೆಯ ಒಂದು ಸೀನು ಬರೆದುಕೊಡ್ತೀವಿ ಸಾರ್, ಸೇರಿಸಿಕೊಳ್ಳಿ ಅಂದೆವು. ಮೇಷ್ಟ್ರು ಹಾರ್ಮೋನಿಯಂ ಮುಚ್ಚಿ ಪೂರ್ತಿ ಕೇಳಿದರು. ಒಳ್ಳೇ ಮನುಷ್ಯ, ನಗಲಿಲ್ಲ.

"ಸೀನು ಚೆನ್ನಾಗೈತೆ ಕಣ್ರಪ್ಪಾ. ಆದ್ರೆ ಹೆಣ್ಣು ಪಾತ್ರಕ್ಕೆ ನಾವೇ ದುಡ್ಡು ಕೊಟ್ಟು ಕರೆಸ್ಬೇಕು. ಮೇಲೆ ಐದು ಹುಡುಗ್ರು. ದುರ್ಯೋಧನಂಗೆ ಕಟ್ಟೋನು ಅವ್ನೆ, ಇದಕ್ಕೆ ಯಾವನು ಕಟ್ತಾನೆ?"

ನಾವು ಕಟ್ತೀವಿ ಅಂದೆವು. ಹುಡುಗರು ನಮ್ಮ ಕೇರಿಯಲ್ಲೇ ಇದ್ದಾರೆ ಅಂತಲೂ ಅಂದೆವು. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ಊರಿನವರನ್ನ ಒಂದು ಮಾತು ಕೇಳ್ತೀನಿ ಅಂದರು. ಇನ್ನೂ ಹೇಳಿ ಕಳಿಸಿಲ್ಲ.