ನಿಕಟ ಯುಗ್ಮಗಳಲ್ಲಿ ಸ್ಪಂದಿಸುವ ತಾರೆಗಳು: ಎರಡು ಲೇಖನಗಳ ವಿಮರ್ಶೆ

ನಿಯತವಾಗಿ ಹಿಗ್ಗಿ ಕುಗ್ಗುವ ತಾರೆಯ ಕಾಂತಿರೇಖೆಯನ್ನು ಕಂಡೊಡನೆಯೇ ಅದರ ಜಾತಿಯನ್ನು ನಿರ್ಣಯಿಸುವುದು ಖಗೋಳಶಾಸ್ತ್ರದಲ್ಲಿ ರೂಢವಾದ ಪದ್ಧತಿ. ಈ ನಿರ್ಣಯವನ್ನು ಎಷ್ಟರಮಟ್ಟಿಗೆ ನಂಬಬಹುದು? ಪಿಯೆಟ್‌ಶಿನ್‌ಸ್ಕಿ ಮತ್ತು ಅವರ ಸಹೋದ್ಯೋಗಿಗಳು ‘ನೇಚರ್’ ಪತ್ರಿಕೆಯಲ್ಲಿ 2010 ಮತ್ತು 2012ರಲ್ಲಿ ಪ್ರಕಟಿಸಿದ ಎರಡು ಲೇಖನಗಳನ್ನು ಜೊತೆಗಿಟ್ಟು ಓದಿದರೆ ಉತ್ತರ ದೊರೆಯುವುದೆಂದು ನಾವು ಭಾವಿಸುತ್ತೇವೆ.

ಮೊದಲನೆಯದು ದೊಡ್ಡ ಮೆಗಲನ್ ಮೇಘದ ಒಂದು ಸೆಫೀಡ್ ತಾರೆಯನ್ನು ಕುರಿತದ್ದು. ಸೆಫೀಡುಗಳ ದ್ರವ್ಯರಾಶಿಯನ್ನು ಸ್ಪಂದನ ಸಿದ್ಧಾಂತದಿಂದ ಗಣಿಸಿದಾಗ ಒಂದು ಬೆಲೆಯೂ ತಾರಾವಿಕಾಸದ ಸಿದ್ಧಾಂತದಿಂದ ಗಣಿಸಿದಾಗ ಅದಕ್ಕಿಂತ ಹೆಚ್ಚಿನ ಬೆಲೆಯೂ ಬರುತ್ತಿದ್ದುದು ದಶಕಗಳ ತೊಡಕಾಗಿತ್ತು. ಈ ತಾರೆಯು ಸುಮಾರು 310 ದಿನಗಳ ಕಕ್ಷೆಯುಳ್ಳ ಗ್ರಹಣಯುಗ್ಮದ ಅಂಗವಾದ್ದರಿಂದ, ಎರಡು ಸಿದ್ಧಾಂತಗಳ ಹಂಗೂ ಇಲ್ಲದೆ ಅದನ್ನು ತೂಗಲು ಸಾಧ್ಯವಾಯಿತು. ತೂಕ ಸೂರ್ಯನ 4.14 ಪಟ್ಟು, ಅನಿಶ್ಚಿತತೆ ಶೇಕಡಾ 1ರಷ್ಟು. ಇದು ಸ್ಪಂದನ ಸಿದ್ಧಾಂತದ ಬೆಲೆಗೆ ಒಪ್ಪಿತು. ಇಲ್ಲಿ ಸಂಗಾತಿ ತಾರೆಯು ತಕ್ಕಡಿಯಾಗಿ ಒದಗಿತಷ್ಟೆ.

ಎರಡನೆಯ ಲೇಖನದ ತಾರೆ 0.627 ದಿನಕ್ಕೊಮ್ಮೆ ಸ್ಪಂದಿಸುತ್ತದೆ. ಕಾಂತಿರೇಖೆಯನ್ನು ನೋಡಿದರೆ ಅದು ಆರ್‌ಆರ್ ಲೈರೆ ಜಾತಿಯದೇ. ಆದರೆ 15.24 ದಿನಗಳ ಕಕ್ಷೆಯಿಂದ ಲೆಕ್ಕಹಾಕಿದ ದ್ರವ್ಯರಾಶಿ ಸೂರ್ಯನ 0.26ರಷ್ಟು ಮಾತ್ರ. ಇಷ್ಟು ಹಗುರವಾದ ತಾರೆಯು ನಿಜವಾದ ಆರ್‌ಆರ್ ಲೈರೆಯಂತೆ ಗರ್ಭದಲ್ಲಿ ಹೀಲಿಯಮನ್ನು ಉರಿಸಲಾರದು. ಒಂದು ಕಾಲದಲ್ಲಿ ಈ ಯುಗ್ಮ ಬಹು ನಿಕಟವಾಗಿದ್ದು, ತಾರೆಯು ತನ್ನ ಹೊರಪದರಗಳನ್ನು ಸಂಗಾತಿಗೆ ಕಳೆದುಕೊಂಡಿತೆಂದು ಲೇಖಕರು ವಿವರಿಸುತ್ತಾರೆ. ಅಂದಮೇಲೆ ಇಲ್ಲಿ ಸಂಗಾತಿಯು ಬರಿಯ ತಕ್ಕಡಿಯಲ್ಲ. ತಾರೆಯ ಚರಿತ್ರೆಯನ್ನೇ ಬದಲಿಸಿದ ಕಾರಣ.

ವೇಷ ಒಂದೇ ಆದುದೇಕೆ? ಸ್ಪಂದನವನ್ನು ನಡೆಸುವುದು ಹೊರಪದರಗಳಲ್ಲಿ ಅಯಾನೀಕರಣಗೊಳ್ಳುವ ಹೀಲಿಯಂ. ಸ್ಪಂದನದ ಅವಧಿಯನ್ನು ಮುಖ್ಯವಾಗಿ ನಿಯಮಿಸುವುದು ತಾರೆಯ ಸರಾಸರಿ ಸಾಂದ್ರತೆ. ಗರ್ಭದಲ್ಲಿ ಏನು ಉರಿಯುತ್ತಿದೆಯೆಂಬುದನ್ನು ಇವೆರಡೂ ನೇರವಾಗಿ ತಿಳಿಸುವುದಿಲ್ಲ. ಕಾಂತಿರೇಖೆಯಿಂದ ಜಾತಿಯನ್ನು ಹೇಳುವಾಗ ಮರೆತುಹೋಗುವ ಅಂಶ ಇದೇ.

ಆರ್‌ಆರ್ ಲೈರೆಗಳೆಂದು ಎಣಿಸಿದವುಗಳಲ್ಲಿ ಇಂತಹ ವೇಷಧಾರಿಗಳು ಶೇಕಡಾ 0.2ರಷ್ಟಿರಬಹುದೆಂದೂ, ಆದ್ದರಿಂದ ದೂರಮಾಪನಕ್ಕೆ ಹೇಳಿಕೊಳ್ಳುವಂತಹ ಬಾಧಕವಿಲ್ಲವೆಂದೂ ಲೇಖಕರ ಅಂದಾಜು. ಈ ಸಮಾಧಾನವನ್ನು ನಾವು ಎಚ್ಚರಿಕೆಯಿಂದ ಸ್ವೀಕರಿಸಬೇಕು. ತೂಗಿದ್ದು ಒಂದೇ ತಾರೆಯನ್ನು. ಉಳಿದುದು ವಿಕಾಸದ ಗಣನೆ, ಜನಗಣತಿಯಲ್ಲ. ಆದರೂ ಅಧ್ಯಾಪಕರಿಗೆ ಎರಡನೆಯ ಲೇಖನವೇ ಹೆಚ್ಚು ಉಪಯುಕ್ತವೆಂದು ನಮ್ಮ ಅಭಿಪ್ರಾಯ. ಮೊದಲನೆಯದನ್ನು ಮಾತ್ರ ಓದಿದ ವಿದ್ಯಾರ್ಥಿಯು ಸ್ಪಂದನವೊಂದೇ ಸಾಕೆಂದು ನಂಬಿಯಾನು. ಎರಡನ್ನೂ ಓದಿದವನು, ಈ ತಾರೆಯನ್ನು ತೂಗಿದವರಾರು ಎಂದು ಕೇಳುವುದನ್ನು ಕಲಿಯುವನು.