ತೇಲಿಸುವ ಮಾತು

ಅಲ್ಪವಾದುದನ್ನು ಹಿರಿದುಮಾಡಿ ಹೇಳುವ ಸ್ವಭಾವವನ್ನು ಹೆಸರಿಸುವುದಕ್ಕೆ, ಅಲಂಕಾರಶಾಸ್ತ್ರದ ಅತಿಶಯೋಕ್ತಿಯಿಂದ ಹಿಡಿದು ಕಡ್ಡಿಯನ್ನು ಗುಡ್ಡ ಮಾಡುವ ಮನೆಮಾತಿನವರೆಗೆ, ನಮ್ಮಲ್ಲಿ ನುಡಿಗಳಿಗೆ ಬಡತನವಿಲ್ಲ. ಆದರೆ ಗುರುತರವಾದ ಸಂಗತಿಯನ್ನು ಲಘುವಾಗಿಸಿ ಜಾರಿಕೊಳ್ಳುವ, ಅಷ್ಟೇ ವ್ಯಾಪಕವಾದ ಇನ್ನೊಂದು ಸ್ವಭಾವಕ್ಕೆ ಕನ್ನಡವು ಒದಗಿಸಿರುವ 'ತೇಲಿಸು' ಎಂಬ ಸಮರ್ಪಕ ಕ್ರಿಯಾಪದವು ಜನರ ನಾಲಗೆಯ ಮೇಲೆ ನಲಿಯುತ್ತಿದ್ದರೂ ಬರೆಯುವವರ ಆದರಕ್ಕೆ ಸಾಕಷ್ಟು ಪಾತ್ರವಾಗಿಲ್ಲ.

'ತೇಲು' ಧಾತುವಿಗೆ, ಕೇಶಿರಾಜನು 13ನೆಯ ಶತಮಾನದಲ್ಲಿಯೇ ಶಬ್ದಮಣಿದರ್ಪಣದಲ್ಲಿ ವಿವೇಚಿಸಿದ 'ಇಸು' ಪ್ರತ್ಯಯವು ಸೇರಿ ಆದ ಪ್ರೇರಣಾರ್ಥಕ ರೂಪವಿದು. ದೋಣಿಯನ್ನು ತೇಲಿಸುವೆಡೆ ಅದರ ಅರ್ಥ ಸುಲಭ. ಮಾತನ್ನು ತೇಲಿಸುವೆಡೆ ಅದು ಸೂಕ್ಷ್ಮ. ಕೆರೆಯ ಏರಿ ಬಿರುಕುಬಿಟ್ಟಿದೆಯೆಂದು ಊರಿನವರು ಬಂದು ನಿವೇದಿಸಿಕೊಂಡರೆನ್ನೋಣ. ಅಧಿಕಾರಿಯು, "ಅಂಥದ್ದೇನಿಲ್ಲ ಬಿಡಿ, ಮಳೆಗಾಲ ಕಳೆಯಲಿ, ನೋಡೋಣ" ಎಂದು ನಕ್ಕು ಕಳುಹಿಸಿದನು. ಬಿರುಕಿಲ್ಲವೆಂದು ಅವನು ವಾದಿಸಿದ್ದರೆ ಅದು ಅಲ್ಲಗಳೆದಂತೆ, ಆಗ ಅವನು ಕಾರಣ ಕೊಡಬೇಕಾಗುತ್ತಿತ್ತು. ಬಂದವರತ್ತ ತಿರುಗಿಯೂ ನೋಡದಿದ್ದರೆ ಅದು ಕಡೆಗಣಿಸಿದಂತೆ, ಆಗ ಅವರಿಗೆ ಸಿಟ್ಟಾದರೂ ಬರುತ್ತಿತ್ತು. ಅವನು ಈ ಎರಡನ್ನೂ ಮಾಡದೆ, ಮಾತಿಗೆ ಮಾತು ಕೊಟ್ಟು, ವಿಷಯದ ತೂಕವನ್ನಷ್ಟೇ ಅಪಹರಿಸಿದನು. ಹೊರಗೆ ಬಂದವರು "ತೇಲಿಸಿಬಿಟ್ಟರು" ಎನ್ನುವಾಗ, ಆ 'ಬಿಡು' ಎಂಬ ಸಹಾಯಕ ಕ್ರಿಯೆಯಲ್ಲಿ ಕೆಲಸ ಮುಗಿದೇಹೋಯಿತೆಂಬ ವಿಷಾದವೂ ಕೂಡಿಕೊಂಡಿರುತ್ತದೆ.

'ಹಗುರಾಗಿ ಕಾಣು' ಎಂಬ ನುಡಿ ಇದಕ್ಕೆ ಸಮೀಪದ ನಂಟಾದರೂ ಎರಡಕ್ಕೂ ಅಂತರವುಂಟು. ಮನುಷ್ಯನನ್ನು ಹಗುರಾಗಿ ಕಾಣಬಹುದು, ಅದು ಅವಮಾನ; ಈ ಅರ್ಥದಲ್ಲಿ ತೇಲಿಸುವುದಾದರೋ ಮಾತನ್ನು, ಪ್ರಶ್ನೆಯನ್ನು, ವಿಷಯವನ್ನು ಮಾತ್ರ. ಎದುರಿಗಿರುವವನಿಗೆ ಸಕಲ ಮರ್ಯಾದೆಯನ್ನೂ ಸಲ್ಲಿಸಿ, ಕುರ್ಚಿ ಕೊಟ್ಟು, ಕಾಫಿ ತರಿಸಿಕೊಟ್ಟು, ಅವನು ತಂದ ಅಹವಾಲನ್ನು ತೇಲಿಸಿಬಿಡುವುದು ಸಾಧ್ಯವೆಂಬುದರಲ್ಲಿಯೇ ಈ ಕ್ರಿಯೆಯ ಅಪಾಯವಿದೆ.

ನೆರೆಯ ತೆಲುಗಿನಲ್ಲಿ ಇದರ ಸೋದರರೂಪವಾದ 'ತೇಲ್ಚು' ಎಂಬುದಕ್ಕೆ ಇತ್ಯರ್ಥಪಡಿಸು ಎಂಬ ಅರ್ಥವುಂಟು. 'ತೇಲ್ಚಿ ಚೆಪ್ಪು' ಎಂದರೆ ಖಂಡಿತವಾಗಿ ಹೇಳು ಎಂದು ಭಾವ. ಮುಳುಗಿದ್ದುದು ಮೇಲಕ್ಕೆ ಬಂದು ಕಣ್ಣಿಗೆ ಕಾಣುವುದನ್ನು ಆ ಭಾಷೆ ಹಿಡಿದುಕೊಂಡರೆ, ಮೇಲೆ ತೇಲುವುದಕ್ಕೆ ಭಾರವಿಲ್ಲವೆಂಬುದನ್ನು ನಮ್ಮದು ಹಿಡಿದುಕೊಂಡಿತು. ಒಂದೇ ನೀರನ್ನು ನೋಡಿ ಎರಡು ಜನಪದಗಳು ಹೀಗೆ ಪರಸ್ಪರ ವಿರುದ್ಧವಾದ ಅರ್ಥಗಳನ್ನು ಪಡೆದುದು ಭಾಷಾಪ್ರಿಯರಿಗೆ ನಿಜವಾದ ಆನಂದವನ್ನು ಕೊಡತಕ್ಕ ಸಂಗತಿ.

ತೇಲಿಸುವುದೆಲ್ಲವೂ ದೋಷವೆಂದು ಭಾವಿಸಬೇಕಾಗಿಲ್ಲ. ಮಂಡಿನೋವಿನಿಂದ ರಾತ್ರಿಯೆಲ್ಲ ನಿದ್ದೆಗೆಟ್ಟ ತಾಯಿ, ಪರಸ್ಥಳದಿಂದ ಬಂದ ಮಗನು ವಿಚಾರಿಸಿದಾಗ, "ಏನೂ ಇಲ್ಲ ಕಣಪ್ಪಾ, ವಯಸ್ಸಾಯ್ತಲ್ಲ, ಕೈಕಾಲು ತೊಳೆದು ಊಟಕ್ಕೇಳು" ಎಂದು ತೇಲಿಸುವಲ್ಲಿ ಇರುವುದು ಶುದ್ಧವಾದ ವಾತ್ಸಲ್ಯ. ತನ್ನ ನೋವನ್ನು ತಾನೇ ತೇಲಿಸುವುದು ಔದಾರ್ಯ, ಪರರ ನೋವನ್ನು ತೇಲಿಸುವುದು ನಿರ್ದಯತೆ. ಪದವೊಂದೇ ಆದರೂ, ನೋವು ಯಾರದೆಂಬುದರ ಮೇಲೆ ಅದರ ನೀತಿ ನಿಲ್ಲುತ್ತದೆ.

ಆದುದರಿಂದ, ಎಲ್ಲೆಡೆಯಲ್ಲಿಯೂ 'ಲಘುವಾಗಿ ಪರಿಗಣಿಸಿದರು' ಎಂದು ಬರೆದು ತೃಪ್ತರಾಗುವ ಲೇಖಕರಲ್ಲಿ ನನ್ನ ಬಿನ್ನಹವಿಷ್ಟೆ: ಅಲ್ಲಗಳೆದವನನ್ನು ಪ್ರಮಾಣ ಕೇಳಬೇಕು, ಕಡೆಗಣಿಸಿದವನನ್ನು ಎಚ್ಚರಿಸಬೇಕು, ತೇಲಿಸಿದವನೆದುರು ಅದೇ ಪ್ರಶ್ನೆಯನ್ನು ಅದರ ಪೂರ್ಣ ಭಾರದೊಡನೆ ಮತ್ತೊಮ್ಮೆ ಇಡಬೇಕು, ಇವರಲ್ಲಿ ನಮ್ಮೆದುರು ನಿಂತವನು ಯಾರೆಂದು ತಿಳಿಸಬಲ್ಲ ಕ್ರಿಯಾಪದವನ್ನೇ ಆರಿಸಿ ಬರೆಯಿರಿ.